ಕಿವಿಯಲ್ಲಿ ಹೆಂಡತಿ, ಕನ್ನಡಿಯಲ್ಲಿ ತನ್ಮಯ

ಇದು ನಡೆದದ್ದನ್ನು ನಡೆದ ಹಾಗೇ ಹೇಳುತ್ತಿರುವ ಕಥೆ. ನಂಬಿಕೆ ಬಾರದವರು ಪುಣೆಯ ಸದಾಶಿವ ಪೇಠೆಗೆ ಹೋಗಿ ನಾನಾ ಸಬ್ನೀಸರನ್ನು ಕೇಳಬಹುದು. ತೊಂದರೆ ಒಂದೇ: ನಾನಾ ಹೇಳುವಾಗ ಇಡೀ ಸಂಚಿನ ಹಿಂದಿನ ತಲೆ ಅವರದು. ವೈಜಯಂತಿ ಹೇಳುವಾಗ ತಲೆ ಅವಳದು, ಹೆಲ್ಮೆಟ್ಟು ಮಾತ್ರ ನಾನಾರದು.

ಸುರೂರ್ ಕ್ರಾಸಿನ ಪೆಟ್ರೋಲ್ ಬಂಕಿನಲ್ಲಿ, ಬೆಳಿಗ್ಗೆ ಏಳೂವರೆಗೆ, ಹೆಂಗಸರ ಶೌಚಾಲಯದೊಳಗೆ ವೈಜಯಂತಿ ಕರಂದೀಕರ್ ತನ್ನ ಜಾಕೆಟ್ ಬಿಚ್ಚಿ ತಂಗಿ ಶಲಾಕಾಳ ಕೈಗೆ ಕೊಟ್ಟಳು. ಕೆಂಪು ಹೆಲ್ಮೆಟ್ಟನ್ನೂ ಕೊಟ್ಟು, ಅವಳ ಜಾಕೆಟ್ಟನ್ನೂ ಕಪ್ಪು ಹೆಲ್ಮೆಟ್ಟನ್ನೂ ತಾನು ತೆಗೆದುಕೊಂಡಳು. ಪುಣೆಯಿಂದ ಇಲ್ಲಿಯವರೆಗೆ ಅವಳು ಗಂಡ ಮಿಲಿಂದನ ಬೈಕಿನ ಹಿಂದಿನ ಸೀಟಿನಲ್ಲಿ ಬಂದಿದ್ದಳು. ಇಲ್ಲಿಂದ ಮುಂದೆಯೂ ಅಲ್ಲೇ ಇದ್ದಾಳೆಂದು ಅವನು ನಂಬಬೇಕಿತ್ತು.

"ಕೆಂಪು ಹೆಲ್ಮೆಟ್ಟಿನ ಇಂಟರ್‌ಕಾಮ್ ಆಫ್ ಮಾಡಿದೀನಿ. ನಿನಗೆ ಏನೂ ಕೇಳಿಸಲ್ಲ. ನೀನು ಮಾತಾಡಿದ್ರೂ ಅವರಿಗೆ ಕೇಳಿಸಲ್ಲ. ಮಾತೆಲ್ಲ ನಾನು ಹಿಂದಿನ ಗಾಡಿಯಿಂದ ಆಡ್ತೀನಿ. ನೀನು ಸುಮ್ನೆ ಕೂತಿರು."

"ಅಂದ್ರೆ ಕಿವುಡಿ, ಮೂಗಿ ಎರಡೂ. ಜೀಜೂಗೆ ಬೇಕಾಗಿದ್ದೂ ಇಂಥ ಹೆಂಡತಿಯೇ ಅಲ್ವಾ?" ಎಂದಳು ಶಲಾಕಾ. ಕಾಲೇಜಿನಲ್ಲಿ ಅವಳು ಪ್ರಿನ್ಸಿಪಾಲರ ನಡಿಗೆಯನ್ನು ಅಣಕಿಸಿ ಬಹುಮಾನವನ್ನೂ ಮೆಮೊವನ್ನೂ ಒಂದೇ ವಾರದಲ್ಲಿ ಪಡೆದವಳು. ಈಗ ಅಕ್ಕನ ಹಾಗೆ ಎಡಭುಜ ಸ್ವಲ್ಪ ಇಳಿಸಿ, ಸೊಂಟಕ್ಕೆ ಕೈಯಿಟ್ಟು, ವಾಶ್‌ಬೇಸಿನ್ನಿನವರೆಗೆ ಹೋಗಿ ಬಂದಳು.

"ನಾನು ಹಾಗೆ ನಡೀತೀನಾ?"

"ಇದಕ್ಕಿಂತ ಕೆಟ್ಟದಾಗಿ. ನಾನು ಮರ್ಯಾದೆಗೆ ಕಮ್ಮಿ ಮಾಡಿದೀನಿ."

ವೈಜಯಂತಿಗೆ ನಗು ಬರಲಿಲ್ಲ. ಕಪ್ಪು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಅದರ ಗಾಜನ್ನು ಮುಖದ ಮೇಲೆ ಎಳೆದುಕೊಂಡಳು.

ಮಿಲಿಂದ ಹದಿನೆಂಟು ಜನರ ಬೈಕು ಕೂಟದ ಮುಂದಾಳು. ಜನವರಿಯಲ್ಲಿ ಕೊಂಕಣ ಕರಾವಳಿಯುದ್ದಕ್ಕೂ ಎಂಟು ದಿನದ ಸವಾರಿ. ಅದಕ್ಕೆ ಸ್ವಂತ ಗಾಡಿಯಲ್ಲಿ ಬರುವವರು ಮೊದಲು ಪಸರಣಿ ಘಾಟಿ ಹತ್ತಿ ತೋರಿಸಬೇಕು. ಮುಂದೆ ಮಿಲಿಂದ, ನಡುವೆ ಹೊಸಬರು, ಕೊನೆಗೆ ಕೂಟದ ಹಿರಿಯ ನಾನಾ. ಮಿಲಿಂದ ತನ್ನ ಕನ್ನಡಿಯಲ್ಲಿ ನೋಡುತ್ತಲೇ ಪಾಸೋ ಫೇಲೋ ತೀರ್ಮಾನಿಸುತ್ತಿದ್ದ. ಹೆಸರು ಸೇರಿಸಲು ಇವತ್ತೇ ಕೊನೆಯ ದಿನ. ವೈಜಯಂತಿ ಮೂರು ಸಲ ಕೇಳಿದ್ದಳು. ಗಣಪತಿ ಮುಗೀಲಿ ಎಂದ, ದಸರಾ ಮುಗೀಲಿ ಎಂದ, ದೀಪಾವಳಿ ಮುಗೀಲಿ ಎಂದ. ಹಬ್ಬಗಳೆಲ್ಲ ಮುಗಿದವು, ಅವನ ನೆಪಗಳ ಪಂಚಾಂಗ ಮಾತ್ರ ಮುಗಿಯಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳು ಸ್ಕೂಟರಿನಿಂದ ಬಿದ್ದು ಕೊರಳೆಲುಬು ಮುರಿದುಕೊಂಡಿದ್ದಳು. ಅವಳ ಎಲುಬು ಆರು ವಾರದಲ್ಲಿ ಕೂಡಿಕೊಂಡಿತು.

ಐದು ತಿಂಗಳಿಂದ ಅವಳು ಬೆಳಿಗ್ಗೆ ತಳಜಾಯಿ ಗುಡ್ಡಕ್ಕೆ ವಾಕಿಂಗ್ ಹೋಗುತ್ತೇನೆಂದು ಹೇಳಿ, ನಾನಾರ ಹಳೆಯ ಬೈಕಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. "ಇಷ್ಟು ನಡೆದೂ ಅರ್ಧ ಕಿಲೋ ಇಳಿದಿಲ್ಲವಲ್ಲ ನೀನು" ಎಂದು ಮಿಲಿಂದ ಆಶ್ಚರ್ಯಪಡುತ್ತಿದ್ದ.

ಇವತ್ತಿನ ಹೊಸಬನ ಹೆಸರು ತನ್ಮಯ ಎಂದು ನಾನಾ ಅವನಿಗೆ ಹೇಳಿದ್ದರು. ತುಂಬಾ ನಾಚಿಕೆಯ ಹುಡುಗ, ಇನ್ನೂ ಇಂಟರ್‌ಕಾಮ್ ಕೊಂಡಿಲ್ಲ, ಬಂಕಿನಲ್ಲಿ ಸೇರಿಕೊಳ್ಳುತ್ತಾನೆ ಎಂದೂ ಹೇಳಿದ್ದರು. ಅಂಥ ಹುಡುಗ ಇರಲೇ ಇಲ್ಲ. ಅವನದೆಂಬ ಗಾಡಿಯನ್ನು ಶಲಾಕಾ ಓಡಿಸಿಕೊಂಡು ಬಂದು ಗೋಡೆಯ ಪಕ್ಕ ನಿಲ್ಲಿಸಿದ್ದಳು. ಕಪ್ಪು ಹೆಲ್ಮೆಟ್ಟಿನ ಇಂಟರ್‌ಕಾಮನ್ನು ಹಿಂದಿನ ದಿನವೇ ನಾನಾ ಗುಟ್ಟಾಗಿ ಮಿಲಿಂದನದಕ್ಕೆ ಜೋಡಿಸಿಟ್ಟಿದ್ದರು.

ಮಿಲಿಂದ ಚಕ್ರಕ್ಕೆ ಗಾಳಿ ಹಾಕಿಸಿ, ದುಡ್ಡು ಕೊಟ್ಟು ಬಂದಾಗ ಕೆಂಪು ಹೆಲ್ಮೆಟ್ಟು ಹಿಂದಿನ ಸೀಟಿನ ಮೇಲೆ ಕೂತು ಕಾಯುತ್ತಿತ್ತು. ಕಪ್ಪು ಹೆಲ್ಮೆಟ್ಟು ದೂರದಿಂದಲೇ ಕೈಯೆತ್ತಿ ನಮಸ್ಕಾರ ಹಾಕಿತು.

"ಹೊರಡೋಣವಾ ವೈಜೂ?"

"ಹೂಂ, ನಡೀರಿ" ಎಂದಳು ವೈಜಯಂತಿ, ಮೂವತ್ತು ಮಾರು ದೂರದಿಂದ.

ವಾಯಿ ಊರು ದಾಟಿ ಘಾಟಿ ಶುರುವಾಗುವ ತನಕ ಅವಳು ಉಸಿರನ್ನು ಚಿಲ್ಲರೆಯ ಹಾಗೆ ಎಣಿಸಿ ಖರ್ಚು ಮಾಡಿದಳು. ತುದಿ ಮುಟ್ಟುವ ಮೊದಲು ಗೊತ್ತಾದರೆ ಅವನು ಅಲ್ಲೇ ಗಾಡಿ ನಿಲ್ಲಿಸಿ, ಬೀಗದಕೈ ಕಿತ್ತು ನಾನಾರ ಜೇಬಿಗೆ ಹಾಕುವವನೇ. ಆಮೇಲೆ ಎಂಟು ದಿನ ಅವನ ಬೆನ್ನನ್ನೇ ನೋಡುತ್ತ ಸಮುದ್ರ ನೋಡಬೇಕು.

"ಇವತ್ತು ಯಾಕೆ ಅಷ್ಟು ದೂರ ಕೂತಿದ್ದೀಯಾ?" ಮಿಲಿಂದನ ಧ್ವನಿ ಕಿವಿಯೊಳಗೇ ಕೂತು ಕೇಳಿತು.

ಶಲಾಕಾ ಭಾವನ ಸೊಂಟ ಹಿಡಿಯಲಾರದೆ ಹಿಂದಿನ ಕಂಬಿಗೆ ಅಂಟಿಕೊಂಡಿರಬೇಕು. "ಬೆನ್ನು ಹಿಡ್ಕೊಂಡಿದೆ ರೀ."

"ಯಾರ ಬೆನ್ನು?"

"ನಂದೇ! ನಿಮ್ಮ ಬೆನ್ನು ಹಿಡ್ಕೊಳ್ಳೋಕೆ ಪುರುಸೊತ್ತೆಲ್ಲಿದೆ?"

ಸಾಲಿನ ಕೊನೆಯಲ್ಲಿದ್ದ ನಾನಾ ಅದೇ ಇಂಟರ್‌ಕಾಮ್ ಲೈನಿನಲ್ಲಿ ಕೆಮ್ಮಿದರು. ಅವರ ಕೆಮ್ಮಿಗೆ ಔಷಧಿ ಇರಲಿಲ್ಲ, ನಗುವುದೊಂದನ್ನು ಬಿಟ್ಟು.

ಮೊದಲ ಹಿಮ್ಮುರಿ ತಿರುವಿನಲ್ಲಿ ಮಿಲಿಂದ ಮರೆಯಾದ. ಅಷ್ಟರಲ್ಲಿ ಅವಳ ಹಿಂದೆ ಕೆಂಪು ಸರ್ಕಾರಿ ಬಸ್ಸೊಂದು ಬಂದು, ಕಿವಿ ಹರಿಯುವ ಹಾಗೆ ಹಾರ್ನ್ ಬಾರಿಸಿ ಅವಳನ್ನು ದಾಟಿತು.

"ಏನದು? ಕಿವಿಯಲ್ಲೇ ಬಸ್ಸು! ಕನ್ನಡಿಯಲ್ಲಿ ಒಂದು ಸೈಕಲ್ಲೂ ಇಲ್ಲವಲ್ಲ?"

ನಾನಾ ಅಡ್ಡ ಬಂದರು. "ನನ್ನ ಪಕ್ಕದಲ್ಲಿ ಹೋಯ್ತು ಕಣೋ. ನನ್ನ ಮೈಕಿಗೆ ಕಿವಿ ಜಾಸ್ತಿ. ಬರ್ತಿದೆ ಈಗ, ದಾರಿ ಬಿಡು."

ಬಸ್ಸು ಮುಂದೆ ಹೋಯಿತು. "ವೈಜೂ, ಕೆಳಗೆ ನೋಡು, ಧೋಮ್ ಅಣೆಕಟ್ಟಿನ ನೀರಿನ ಮೇಲೆ ಬಿಸಿಲು!"

ಅವಳ ಎದುರಿಗೆ ಆಗ ಇದ್ದದ್ದು ಬಂಡೆ, ಬಂಡೆಯ ಮೇಲೆ ತಲೆಗೂದಲಿನ ಎಣ್ಣೆಯ ಜಾಹೀರಾತು. "ಅಬ್ಬಾ, ಎಷ್ಟು ಹೊಳೀತಿದೆ ರೀ!" ಎಂದಳು.

ಅರ್ಧ ನಿಮಿಷದ ಮೇಲೆ ಅವನು ಮತ್ತೆ ಕೇಳಿದ. "ಚಹಾನಾ? ಈಗ?"

"ಚಹಾ ಯಾರು ಕೇಳಿದ್ರು?"

"ನೀನೇ ಭುಜಕ್ಕೆ ಎರಡು ಸಲ ತಟ್ಟಿದೆಯಲ್ಲ! ಇಂಟರ್‌ಕಾಮ್ ಬರೋ ಮೊದಲು ಹದಿನೈದು ವರ್ಷ ಎರಡು ತಟ್ಟು ಅಂದ್ರೆ ಚಹಾ ಅಲ್ವಾ?"

ಶಲಾಕಾಳಿಗೆ ಹಸಿವಾಗಿತ್ತು. ಮೂಗಿಗೆ ಕಲಿಸಿದ ಒಂದೇ ಒಂದು ಭಾಷೆಯನ್ನು ಅವಳು ಬಳಸಿಕೊಂಡಿದ್ದಳು.

"ಅದು... ಕೈ ಹಳೇ ಅಭ್ಯಾಸ ರೀ. ನಿಲ್ಲಿಸಬೇಡಿ. ಮೇಲೆ ಹೋಗಿ ಕುಡಿಯೋಣ."

"ನಿನ್ನ ಕೈಗೂ ಬಾಯಿಗೂ ಇವತ್ತು ಮಾತು ಬಿಟ್ಟಿದೆಯಾ?"

ನಾನಾರ ಕೆಮ್ಮು ಈ ಸಲ ಘಾಟಿಗಿಂತ ಉದ್ದವಾಯಿತು.

ಮಿಲಿಂದ ನಿಧಾನ ಮಾಡಿ ಹೊಸಬನನ್ನು ಕನ್ನಡಿಗೆ ತಂದುಕೊಂಡ. ವೈಜಯಂತಿಗೆ ಅವನ ಕನ್ನಡಿ ಬೆನ್ನಿಗೆ ಚುಚ್ಚಿದ ಹಾಗೆ, ಅಲ್ಲ, ಹಣೆಗೆ ಚುಚ್ಚಿದ ಹಾಗೆ ಆಯಿತು.

"ಹುಡುಗ ಪರವಾಗಿಲ್ಲ ವೈಜೂ. ತಿರುವಿಗೆ ಮೊದಲೇ ಗೇರ್ ಇಳಿಸ್ತಾನೆ, ಒಳಗೆ ಹೋಗಿ ಒದ್ದಾಡಲ್ಲ. ಆದ್ರೆ ಚಕ್ರದ ಮುಂದಿನ ನೆಲ ನೋಡ್ತಾನೆ, ದುಡ್ಡು ಬಿದ್ದಿದ್ಯೋ ಅನ್ನೋ ಹಂಗೆ. ತಿರುವಿನ ಕೊನೆ ನೋಡ್ಬೇಕು. ಕಣ್ಣು ಹೋದಲ್ಲಿ ಗಾಡಿ ಹೋಗುತ್ತೆ."

ಅವಳು ತಲೆ ಎತ್ತಿದಳು.

"ಅರೇ! ಕೇಳಿಸಿಕೊಂಡವನ ಹಾಗೆ ತಲೆ ಎತ್ತಿದ ನೋಡು! ಮೊಣಕೈ ಒಂದು ಬಿಗಿ ಮಾಡ್ಕೊಂಡಿದಾನೆ."

ಅವಳು ಮೊಣಕೈ ಸಡಿಲಿಸಿದಳು.

"ನಾನಾ, ಈ ಹುಡುಗನಿಗೆ ಮೈಮೇಲೆ ದೇವರು ಬರುತ್ತಾ?"

"ಅವನ ಗುರು ಒಳ್ಳೆಯವನು ಕಣೋ" ಎಂದರು ನಾನಾ.

ನಾಲ್ಕನೆಯ ತಿರುವಿನಲ್ಲಿ ಮೇಲಿಂದ ಉದುರಿದ ಜಲ್ಲಿ ರಸ್ತೆಗೆ ಹರಡಿತ್ತು. ಮಿಲಿಂದ ಹೇಳುವಷ್ಟರಲ್ಲಿ ಅವಳು ಅದರ ಮೇಲೆ ಇದ್ದಳು. ಹಿಂದಿನ ಚಕ್ರ ಹೊರಗೆ ಜಾರಿತು. "ಅಯ್ಯಮ್ಮಾ!" ಎಂಬುದು ಬಾಯಿಂದ ಹೋಗಿಯೇ ಹೋಯಿತು. ಕೈ ಬ್ರೇಕಿನ ಕಡೆ ಓಡಿತು. ಕೈಯನ್ನು ತಡೆದು, ದೂರದ ತಿರುವಿನ ಕೊನೆಯಲ್ಲಿದ್ದ ರಸ್ತೆಯಂಚಿನ ಕಲ್ಲನ್ನೇ ನೋಡಿದಳು. ಗಾಡಿ ಒಮ್ಮೆ ಮೈ ಕೊಡವಿಕೊಂಡು ನೆಟ್ಟಗಾಯಿತು.

"ಏನಾಯ್ತು ವೈಜೂ? ಯಾಕೆ ಕಿರುಚಿದೆ?"

"ಹುಳ... ಹುಳ ಹೊಡೀತು ಮುಖಕ್ಕೆ."

"ಗಾಜು ಮುಚ್ಕೋ. ನೋಡಿದೆಯಾ ಅವನನ್ನ? ಜಾರಿದ್ರೂ ಬ್ರೇಕ್ ಮುಟ್ಟಲಿಲ್ಲ!"

ಮುಂದಿನ ತಿರುವು ದಾಟಿದಾಗ ಅವನ ಧ್ವನಿ ಬೇರೆಯಾಗಿತ್ತು.

"ನೀನು ಕೇಳಿದಾಗೆಲ್ಲ ನಾನು ಹಬ್ಬ ಹೇಳ್ತೀನಲ್ಲ. ನಿನಗೆ ಬರಲ್ಲ ಅಂತಲ್ಲ ವೈಜೂ. ಆವತ್ತು ನೀನು ಬಿದ್ದೆ ಅಂತ ನಾನು ಓಡಿ ಬಂದಾಗ ಮೊದಲು ಕಂಡಿದ್ದು ನೀನಲ್ಲ, ನಿನ್ನ ಒಂದು ಚಪ್ಪಲಿ. ರಸ್ತೆ ನಡುವೆ. ನೀನು ಹಿಂದೆ ಕೂತು ಗೊಣಗ್ತಾ ಇದ್ರೆ ಇದ್ದೀಯ ಅಂತ ಧೈರ್ಯ. ಅಷ್ಟೇ."

ವೈಜಯಂತಿಯ ಗಾಜು ಒಳಗಿಂದ ಮಸುಕಾಯಿತು. ಈಗಲೇ ಹೇಳಿಬಿಡಬೇಕು ಅನ್ನಿಸಿತು. ಆದರೆ ಮುಂದೆ ಇನ್ನೂ ಮೂರು ತಿರುವುಗಳಿದ್ದವು, ಅವನ ಕಣ್ಣು ರಸ್ತೆಯ ಮೇಲಿರಬೇಕಿತ್ತು, ಅವಳದೂ. ಗಾಜನ್ನು ಒಂದು ಬೆರಳಷ್ಟು ತೆರೆದಳು. "ನಾನು ಇದ್ದೀನಲ್ಲ ರೀ" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಂಚಗಣಿಯ ಚಹಾದಂಗಡಿಯ ಮುಂದೆ ಮಿಲಿಂದ ಗಾಡಿ ನಿಲ್ಲಿಸಿದ. "ನಾನಾ, ಹುಡುಗ ಪಾಸು. ಪಟ್ಟಿಯಲ್ಲಿ ಬರ್ಕೊಳ್ಳಿ. ಇಂಥವನು ಕೂಟಕ್ಕೆ ಬಂದು ವರ್ಷಗಳಾಯ್ತು" ಎಂದ. ಇಳಿದು, ಹೆಲ್ಮೆಟ್ಟು ತೆಗೆಯದೆಯೇ ತಿರುಗಿದ. "ವೈಜೂ, ನಿನಗೆ ಶುಂಠಿ ಹಾಕಿದ್ದಾ, ಹಾಕದ್ದಾ?"

ಹಿಂದಿನ ಸೀಟಿನಿಂದ ಇಳಿದವಳು ಕೆಂಪು ಹೆಲ್ಮೆಟ್ಟು ತೆಗೆದಳು. ಅವನ ಎದುರಿಗೆ ಶಲಾಕಾ, ತುಟಿ ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಳು.

"ಶುಂಠಿ ಹಾಕಿದ್ದು ರೀ" ಎಂದಿತು ಅವನ ಕಿವಿ.

ಮಿಲಿಂದ ಶಲಾಕಾಳ ಬಾಯಿ ನೋಡಿದ. ತನ್ನ ಹೆಲ್ಮೆಟ್ಟನ್ನು ತಟ್ಟಿ ನೋಡಿದ. ಸೀಟಿನ ಕೆಳಗೂ ನೋಡಿದ, ಹೆಂಡತಿ ಅಲ್ಲೇನಾದರೂ ಬಿದ್ದಿದ್ದಾಳೋ ಎಂಬಂತೆ.

"ಜೀಜೂ, ನನ್ನ ಚಹಾ ಎರಡು ಸಲ ತಟ್ಟಿದ್ರೂ ಬರಲಿಲ್ಲ" ಎಂದಳು ಶಲಾಕಾ.

ಅವನು ನಿಧಾನವಾಗಿ ತನ್ಮಯನ ಕಡೆ ತಿರುಗಿದ. ಕಪ್ಪು ಹೆಲ್ಮೆಟ್ಟು ಅಲುಗಲಿಲ್ಲ. ಮುಖ ಕಾಣದ ಗಾಜಿನ ಹಿಂದಿನಿಂದ ಧ್ವನಿ ಅವನ ಕಿವಿಗೇ ಹೋಯಿತು. "ಹುಳ ಅಲ್ಲ ರೀ. ಜಲ್ಲಿ."

ಅವನು ಅವಳ ಗಾಡಿಯ ಮುಂದಿನ ಚಕ್ರ ನೋಡಿದ, ಹಿಂದಿನ ಚಕ್ರ ನೋಡಿದ. ಬಗ್ಗಿ, ಅವಳ ಎರಡೂ ಕಾಲಿನಲ್ಲಿ ಬೂಟುಗಳಿವೆಯೇ ಎಂದು ನೋಡಿದ.

"ನಾನಾ," ಎಂದ, "ಪಟ್ಟಿಯಲ್ಲಿ ಬರೆದಿರೋ ತನ್ಮಯನ ಹೆಸರು ಹೊಡೆದು ಹಾಕಿ."

ಇನ್ನು ಎಂಟು ದಿನ ಇವನ ಬೆನ್ನೇ ಗತಿ ಎಂದುಕೊಂಡಳು ವೈಜಯಂತಿ.

"ನಾನು ತನ್ಮಯ ಅಂತ ಬರೆದೇ ಇಲ್ಲವಲ್ಲೋ" ಎಂದರು ನಾನಾ, ಫೋನು ಅವನ ಮುಂದೆ ಹಿಡಿದು. "ವೈಜಯಂತಿ ಕರಂದೀಕರ್, ಪಾಸು. ನೀನು ಪಾಸು ಅಂದ ಕೂಡಲೇ ಕೂಟದ ಹದಿನೆಂಟು ಜನಕ್ಕೂ ಮೆಸೇಜು ಹೋಗಿದೆ. ಹದಿನಾಲ್ಕು ಜನ ಚಪ್ಪಾಳೆ ಹೊಡೆದಾಗಿದೆ."

ಮಿಲಿಂದ ಫೋನು ನೋಡಿದ. ತಾನು ಘಾಟಿಯುದ್ದಕ್ಕೂ ಹೊಗಳಿದ ಹುಡುಗನನ್ನು ನೋಡಿದ. ಹೊಟ್ಟೆಯಿಂದ ಮೊದಲು ಗಾಡಿ ಸ್ಟಾರ್ಟ್ ಆಗದಾಗಿನ ಸದ್ದು ಬಂತು, ಎರಡು ಸಲ. ಮೂರನೆಯದಕ್ಕೆ ಹತ್ತಿಕೊಂಡಿತು. ನಗುತ್ತ ಅವನು ಪೆಟ್ರೋಲ್ ಟ್ಯಾಂಕಿನ ಮೇಲೆ ಒರಗಿದ. "ನಾನೇ ಕಲಿಸಿದೆ! ತಲೆ ಎತ್ತು ಅಂತ ನಾನೇ ಹೇಳಿದೆ!" ಎಂದು ಟ್ಯಾಂಕು ಬಡಿದ. ಶಲಾಕಾ ನಕ್ಕಳು, ನಾನಾ ಕೆಮ್ಮುವುದನ್ನು ಬಿಟ್ಟು ನಕ್ಕರು, ಚಹಾದವನು ಕಾರಣ ಗೊತ್ತಿಲ್ಲದೆ ನಕ್ಕ. ಮೈಕು ಇನ್ನೂ ಆನ್ ಇತ್ತು. ವೈಜಯಂತಿಯ ಕಿವಿಯಲ್ಲಿ ಅವನ ನಗು ಗುಡುಗಿ, ತಾಳಲಾರದೆ ಅವಳು ಹೆಲ್ಮೆಟ್ಟು ಕಿತ್ತು ತೆಗೆದಳು. ಹೊರಗೆ ಅದು ಇನ್ನೂ ಜೋರಾಗಿತ್ತು.