ತೊಳೆಯದ ಟ್ಯಾಂಕು

ನದಿ ದಾಟಿಸುವ ಲಾಂಚಿನಲ್ಲಿ ಎಂಜಿನ್ ಮೇಸ್ತ್ರಿಗೆ ಇಪ್ಪತ್ತೆರಡು ವರ್ಷದ ಅನುಭವ. ಎಂಜಿನ್ನು ಒಮ್ಮೆ ಕೆಮ್ಮಿದರೆ ಸಾಕು, ಎಲ್ಲಿ ನೋವೆಂದು ಹೇಳಬಲ್ಲವನು. ಅವನ ತಂಗಿ ಊರಾಚೆಯ ಘಟಕದಲ್ಲಿ, ಹೋಟೆಲುಗಳವರು ಕರಿದು ಬಿಟ್ಟ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಿದ್ದಳು. ಅದು ಒಂದು ಪಾಲು, ಮಾಮೂಲಿ ಡೀಸೆಲ್ ನಾಲ್ಕು ಪಾಲು ಬೆರೆಸಿ ಲಾಂಚಿಗೆ ತುಂಬಬಹುದು. ಎರಡು ವರ್ಷ ಚಪ್ಪಲಿ ಸವೆಸಿ, ಕೊನೆಗೂ ಲಾಂಚಿನ ಸಾಹೇಬರನ್ನು ಒಪ್ಪಿಸಿದ್ದಳು.

“ಅಣ್ಣಾ, ತುಂಬೋ ಮೊದಲು ಟ್ಯಾಂಕ್ ತೊಳೀಲೇಬೇಕು. ಇದು ತಳದಲ್ಲಿ ಕೂತಿರೋ ಹಳೇ ಕೊಳೇನೆಲ್ಲ ಎಬ್ಬಿಸಿಬಿಡುತ್ತೆ. ಫಿಲ್ಟರ್ ಕಟ್ಟಿಕೊಂಡ್ರೆ ಎಂಜಿನ್ ನಿಂತೇಹೋಗುತ್ತೆ.”

“ನನಗೇ ಪಾಠ ಹೇಳ್ತೀಯಲ್ಲೇ! ಆಯ್ತು ಬಿಡು.”

ತೊಳೆಯುವುದೆಂದರೆ ಕಿರಿದಾದ ಬಾಯಿಯಿಂದ ಒಳಗಿಳಿದು ಇಡೀ ದಿನ ಮಂಡಿಯೂರಿ ಕೆರೆಯಬೇಕು. ಅವನ ಮಂಡಿಯೋ, ಮೆಟ್ಟಿಲು ಹತ್ತಿದರೇ ಜೀವ ಹಿಂಡುತ್ತಿತ್ತು. ಇಷ್ಟು ವರ್ಷ ಆಗದ್ದು ಈಗೇನಾಗುತ್ತೆ ಅಂದುಕೊಂಡು, ಲಾಂಚಿನ ಕೆಲಸದ ಪುಸ್ತಕದಲ್ಲಿ ‘ಟ್ಯಾಂಕ್ ತೊಳೆದಿದೆ’ ಎಂದು ಬರೆದು ರುಜು ಹಾಕಿದ.

ನಾಲ್ಕು ದಿನ ಲಾಂಚು ಹೂವೆತ್ತಿದಂತೆ ಓಡಿತು. “ನಿಮ್ಮ ಎಂಜಿನ್ ಹೊಗೇಲಿ ಬೋಂಡದ ವಾಸನೆ, ಹಸಿವಾಗುತ್ತಲ್ಲ ಮೇಸ್ತ್ರಿ,” ಎಂದು ಟಿಕೆಟ್ ಕೊಡುವ ಅಕ್ಕ ನಗಾಡುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ, ಅರವತ್ತು ಜನ ಕೂತಿರುವಾಗ, ನಡುನೀರಿನಲ್ಲಿ ಎಂಜಿನ್ನು ಎರಡು ಸಲ ಮುಗ್ಗರಿಸಿ ನಿಂತಿತು. ಮೇಸ್ತ್ರಿ ಫಿಲ್ಟರ್ ಬಿಚ್ಚಿದ. ಒಳಗೆ ಕರಿ ಅಂಟು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅವನಿಗೆ ಎಲ್ಲ ತಿಳಿದುಹೋಯಿತು. ಹೊಸ ಫಿಲ್ಟರ್ ಹಾಕಿದ. ಎಂಜಿನ್ನು ಗುರ್ರೆಂದು, ಮತ್ತೆ ಸತ್ತಿತು. ಅಷ್ಟರಲ್ಲಿ ಸೆಳವು ಲಾಂಚನ್ನು ಸೇತುವೆಯ ಕಂಬಕ್ಕೆ ಒಯ್ದು ಅಪ್ಪಳಿಸಿತು. ಮಗುವೊಂದನ್ನು ಒಳಕ್ಕೆ ಎಳೆದುಕೊಳ್ಳಲು ಹೋದ ಟಿಕೆಟ್ ಅಕ್ಕನ ಕೈ ಕಂಬಕ್ಕೂ ಲಾಂಚಿನ ಅಂಚಿನ ಕಂಬಿಗೂ ನಡುವೆ ಸಿಕ್ಕಿತು. ಮಗುವಿಗೆ ಏನೂ ಆಗಲಿಲ್ಲ. ಆಕೆಯ ಎರಡು ಬೆರಳು ಹೋದವು.

“ಎಣ್ಣೆಯದ್ದೇ ತಪ್ಪು,” ಎಂದರು ಸಾಹೇಬರು. ಪುಸ್ತಕದಲ್ಲಿ ಟ್ಯಾಂಕ್ ತೊಳೆದಿದೆ ಎಂದೇ ಇತ್ತಲ್ಲ! ಘಟಕದವರು ತಂಗಿಯನ್ನು ಕೆಲಸದಿಂದ ದೂರ ಇಟ್ಟರು. ಅವಳು ನೇರ ಅಣ್ಣನ ಮನೆಗೆ ಬಂದಳು.

“ಮೂರು ಸಲ ಪರೀಕ್ಷೆ ಮಾಡಿದೆ. ಎಣ್ಣೆ ಚೆನ್ನಾಗೇ ಇದೆ. ಅಣ್ಣಾ, ಟ್ಯಾಂಕ್ ತೊಳೆದಿದ್ದೆ ತಾನೇ?”

“ತೊಳೆದೆ,” ಎಂದ ಅವನು. ನಾಲಿಗೆ ತಾನಾಗಿಯೇ ಆಡಿಬಿಟ್ಟಿತ್ತು.

ಅವಳು ಮರುಮಾತಾಡದೆ ನಂಬಿದಳು. “ಹಾಗಾದ್ರೆ ಮಿಶ್ರಣದಲ್ಲೇ ನಾನೇನೋ ಎಡವಿದ್ದೀನಿ. ಆ ಅಕ್ಕನ ಬೆರಳು ಹೋಗಿದ್ದು ನನ್ನಿಂದಾನೇ,” ಎಂದು ಮುಖ ಮುಚ್ಚಿಕೊಂಡು ಬಿಕ್ಕಿದಳು. ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗಲೂ ಹೀಗೆ ಅತ್ತವಳಲ್ಲ.

ಮೂರನೆಯ ದಿನ ತಂಗಿಯ ಮನೆಗೆ ಹೋದ. ಅವಳು ಮೇಜಿನ ತುಂಬ ಹಾಳೆ ಹರಡಿಕೊಂಡು, ಇಲ್ಲದ ತಪ್ಪನ್ನು ಹುಡುಕುತ್ತಿದ್ದಳು. ಕಣ್ಣುಗಳು ಒಳಗೆ ಸೇರಿಹೋಗಿದ್ದವು.

“ಅದನ್ನೆಲ್ಲ ಎತ್ತಿಡು. ನಾನು ತೊಳೀಲಿಲ್ಲ ಕಣೇ.”

ಅವಳು ಕೈಲಿದ್ದ ಹಾಳೆ ಕೆಳಗಿಟ್ಟಳು.

“ನಾನು ಅಳ್ತಾ ಕೂತಿದ್ದಾಗ ನೀನು ನೋಡ್ತಾ ಇದ್ದೆಯಲ್ಲ.”

ಅವಳು ಚಪ್ಪಲಿ ಮೆಟ್ಟಿಕೊಂಡಳು. “ನಡಿ, ಆಫೀಸಲ್ಲಿ ಹೇಳು.”

ಹೇಳಿದ. ಅವನ ಕೆಲಸ ಅಂದೇ ಹೋಯಿತು. ಆಸ್ಪತ್ರೆಯಲ್ಲಿ ಟಿಕೆಟ್ ಅಕ್ಕನಿಗೂ ಹೇಳಿದ. ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು. ಘಟಕದವರು ತಂಗಿಯನ್ನು ವಾಪಸು ಕರೆದರು. ಹೊಸ ಮೇಸ್ತ್ರಿ ಟ್ಯಾಂಕಿನಿಂದ ಏಳು ಬಕೆಟ್ ಕೆಸರು ತೆಗೆದ ಮೇಲೆ ಲಾಂಚು ಅವಳ ಎಣ್ಣೆಯಲ್ಲೇ ಓಡತೊಡಗಿತು.

ಈಗಲೂ ಭಾನುವಾರ ಅಮ್ಮನನ್ನು ನೋಡಲು ಅವಳು ಅಣ್ಣನ ಮನೆಗೆ ಬರುತ್ತಾಳೆ. “ಅಮ್ಮಂಗೆ ಮಾತ್ರೆ ಕೊಟ್ಟೆ,” ಎಂದು ಅವನು ಹೇಳಿದರೆ ಹೂಂಗುಡುತ್ತಾಳೆ. ಆಮೇಲೆ ಎದ್ದು ಹೋಗಿ, ಡಬ್ಬಿ ತೆರೆದು, ಎಣಿಸಿ ನೋಡುತ್ತಾಳೆ.