ಬೀಗಿತ್ತಿಯರು ಮತ್ತು ಒಂದು ಸೂಜಿ

"ಚಿಕನ್‌ಪಾಕ್ಸ್ ಲಸಿಕೆ ಹಾಕ್ಲಾ, ಬೇಡ್ವಾ? ಹೊರಗೆ ಇನ್ನೂ ಹದಿನೇಳು ಮಕ್ಕಳು ಕಾಯ್ತಿದಾವೆ," ಎಂದಳು ನರ್ಸ್.

ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಾಯಿಗೆ ತಿಳಿಯದಿದ್ದದ್ದೂ ಅದೇ. ಅವಳು ಈ ದೇಶದವಳು, ಗಂಡ ಗಡಿಯಾಚೆಯವನು. ಇಲ್ಲಿ ಈ ಲಸಿಕೆ ಕಡ್ಡಾಯ, ಅಲ್ಲಿ ಸರ್ಕಾರ ಕೊಡುವುದೇ ಇಲ್ಲ. ವರ್ಷವಿಡೀ ಅದೂ ಇದೂ ಓದಿ ಗಂಡ ಹೆಂಡತಿ ತಲೆ ಕೆಡಿಸಿಕೊಂಡಿದ್ದಷ್ಟೇ ಬಂತು. ನಾಳೆ ಮಗುವನ್ನು ಶಿಶುವಿಹಾರಕ್ಕೆ ಬಿಡಬೇಕು. ಕಾರ್ಡಿನಲ್ಲಿ ಮೊಹರಿಲ್ಲದಿದ್ದರೆ ಅವರು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳದಿದ್ದರೆ ಇವಳ ಕೆಲಸಕ್ಕೆ ಸಂಚಕಾರ. ಸಾಲದ್ದಕ್ಕೆ ಎಡಕ್ಕೆ ಇವಳ ಅಮ್ಮ, ಬಲಕ್ಕೆ ಅತ್ತೆ, ಇಬ್ಬರೂ ಅಜ್ಜಿಯರು.

"ನಮ್ಮಲ್ಲಿ ಸರ್ಕಾರ ಕೊಡಲ್ಲ, ದೊಡ್ಡ ದೊಡ್ಡ ಡಾಕ್ಟರುಗಳೇ ಬೇಡ ಅಂದಿದಾರೆ," ಅಂದರು ಅತ್ತೆ.

"ನಮ್ಮ ಡಾಕ್ಟರುಗಳೇನು ಕತ್ತೆ ಕಾಯ್ತಿದ್ರಾ ಬೀಗಿತ್ತಿ?" ಅಂದರು ಅಮ್ಮ.

ಗಲಾಟೆ ಕೇಳಿ ಡಾಕ್ಟರಮ್ಮನೇ ಬಂದರು. "ಮಗುಗೆ ಒಳ್ಳೇದೇ, ಅದರಲ್ಲಿ ಅನುಮಾನ ಇಲ್ಲ. ಎಲ್ಲ ಮಕ್ಕಳಿಗೂ ಹಾಕಿಬಿಟ್ರೆ ದೊಡ್ಡವರಲ್ಲಿ ಸರ್ಪಸುತ್ತು ಜಾಸ್ತಿ ಆಗುತ್ತೇನೋ ಅಂತ ಆಚೆ ದೇಶದವರ ಅಳುಕು. ಆಗುತ್ತೋ ಇಲ್ವೋ, ಖಚಿತವಾಗಿ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋಕೆ ಇಷ್ಟೆಲ್ಲ ಓದಬೇಕಿತ್ತಾ," ಎಂದು ಅತ್ತೆ ಗೊಣಗಿದರು. ಅಮ್ಮ ತಲೆಯಾಡಿಸಿದರು. ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ತಾಯಿ ಕಣ್ಣು ಮುಚ್ಚಿ "ಹಾಕಿ" ಅಂದುಬಿಟ್ಟಳು. ನರ್ಸ್ ಪುಟ್ಟ ತೋಳನ್ನು ಒರೆಸುತ್ತ ವಾಡಿಕೆಯಂತೆ ಕೇಳಿದಳು, "ಮುಂಚೆ ಯಾವತ್ತೂ ಹಾಕ್ಸಿಲ್ಲ ತಾನೇ?"

"ಒಂದ್ನಿಮಿಷ," ಅಂದರು ಅಮ್ಮ. "ಹೋದ ಬೇಸಿಗೇಲಿ ಪಾರ್ಕಿಗೆ ಅಂತ ಕರ್ಕೊಂಡು ಹೋಗಿದ್ನಲ್ಲ... ಪಾರ್ಕಿಗೆ ಹೋಗಿರ್ಲಿಲ್ಲ."

ತಾಯಿಗೆ ಮೈಯೆಲ್ಲ ಉರಿಯಿತು. "ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಅಮ್ಮ?" ಈಗ ಅತ್ತೆ ಆಡಿಕೊಳ್ಳುತ್ತಾರೆ ಎಂದು ಅತ್ತ ತಿರುಗಿದರೆ, ಅವರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

"ಅತ್ತೆ, ನೀವೂನಾ?"

"ಸರ್ಕಾರ ಕೊಡಲ್ಲ ಅಂದೆ. ಖಾಸಗಿಯವರು ಕೊಡಲ್ಲ ಅಂದ್ನಾ?" ಅತ್ತೆಯ ದನಿ ಇಳಿಯಿತು. "ಚಳಿಗಾಲದಲ್ಲಿ ನಮ್ಮನೇಲಿದ್ದಾಗ ಬೀದೀಲಿ ಮಕ್ಕಳಿಗೆಲ್ಲ ಬಂದಿತ್ತು. ಹೆದರಿಕೆ ಆಯ್ತಮ್ಮ. ಇವಳು ದೊಡ್ಡ ಡಾಕ್ಟರುಗಳ ಮೊಮ್ಮಗಳಾ, ನನ್ನ ಮೊಮ್ಮಗಳು."

ಇಬ್ಬರ ಕೈಚೀಲದಿಂದಲೂ ಮಡಿಸಿಟ್ಟ ಲಸಿಕೆ ಚೀಟಿಗಳು ಹೊರಬಂದವು. ನರ್ಸ್ ತಾರೀಖು ನೋಡಿದಳು. "ಎರಡು ಡೋಸು ಬೇಕು, ಎರಡೂ ಆಗಿದೆ. ಮಧ್ಯೆ ಆರು ತಿಂಗಳು. ನಾವು ಹೇಳಿ ಹಾಕ್ಸಿದ್ರೂ ಇಷ್ಟು ಸರಿಯಾಗಿ ಬರ್ತಿರ್ಲಿಲ್ಲ." ಎರಡು ಮೊಹರು ಒತ್ತಿದಳು.

ತಾಯಿ ನಗಬೇಕೋ ಅಳಬೇಕೋ ತಿಳಿಯದೆ, ಯಾರ ಮುಖವನ್ನೂ ನೋಡದೆ ಮಗಳಿಗೆ ಚಪ್ಪಲಿ ಹಾಕತೊಡಗಿದಳು. ಹಿಂದಿನ ಬೆಂಚಿನ ಮೇಲೆ ಅಜ್ಜಿಯರು ಒಬ್ಬರ ಚೀಟಿ ಒಬ್ಬರು ತಿರುಗಿಸಿ ನೋಡುತ್ತಿದ್ದರು.

"ನಿಮ್ಮಲ್ಲಿ ಅತ್ತಳಾ?" ಅಂದರು ಅಮ್ಮ.

"ಅವಳೆಲ್ಲಿ ಅಳ್ತಾಳೆ. ನಾನೇ ಅತ್ತೆ."

ಅಮ್ಮ ಸ್ವಲ್ಪ ಸರಿದು, ಬೀಗಿತ್ತಿಗೆ ಬೆಂಚಿನಲ್ಲಿ ಇನ್ನಷ್ಟು ಜಾಗ ಮಾಡಿಕೊಟ್ಟರು.