ಹೆಸರು ಹಿಡಿದು ಕೂಗಿದವಳು

ಗಂಡನ ಹೆಸರು ಹೇಳಬಾರದೆಂಬ ಕಟ್ಟಳೆಯನ್ನು ಶಂಕರಮ್ಮನಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವಳು ಕಡೂರು ಸೀಮೆಯಲ್ಲಿ ಇನ್ನೊಬ್ಬಳಿರಲಾರಳು. ಗಂಡನ ಹೆಸರು ತೀರ್ಥಪ್ಪ. ಹಾಗಾಗಿ ಗುಡಿಯಲ್ಲಿ ಕೈಯೊಡ್ಡಿ 'ಗಿಂಡಿ ನೀರು ಕೊಡಿ ಸ್ವಾಮಿ' ಎನ್ನುತ್ತಿದ್ದಳೇ ಹೊರತು ಆ ನೀರಿನ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ. ಊರ ಹುಡುಗಿಯರು 'ಅತ್ತಿಗೆ, ಅಯ್ನೋರು ಏನು ಕೊಟ್ರು?' ಎಂದು ಬೇಕೆಂದೇ ಕೆಣಕುತ್ತಿದ್ದರು. ಅವಳೂ ನಗುತ್ತಿದ್ದಳು. ಗಂಡನೆಂದರೆ ಅವಳಿಗೆ ಪ್ರಾಣ.

ನಯಾಪೈಸೆ ಬಂದ ವರ್ಷದ ಮಳೆಗಾಲ. ವೇದಾವತಿ ತುಂಬಿ, ಜನ ದಾಟುವ ಕಡೆಯೆಲ್ಲ ಎದೆಮಟ್ಟ ನೀರು. ಕಡೂರು ಸಂತೆ ಮುಗಿಸಿದವರಿಗೆ ಊರು ಸೇರಲು ರೈಲು ಸೇತುವೆಯೇ ಗತಿ. ಅದರ ಮೇಲೆ ನಡೆಯಕೂಡದೆಂದು ಬೋರ್ಡಿತ್ತು; ಓದು ಬಲ್ಲವರೂ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಮುಂದೆ ತೀರ್ಥಪ್ಪ, ಅವನ ಜೊತೆಗೆ ಊರ ಹಿರಿಯ ಷಣ್ಮುಖಪ್ಪ. ಒಂದಷ್ಟು ಹಿಂದೆ, ತಲೆಯ ಮೇಲೆ ಮಂಕರಿ ಹೊತ್ತ ಶಂಕರಮ್ಮ. ಗಂಡಸರ ಸಮಕ್ಕೆ ಹೆಜ್ಜೆ ಹಾಕುವ ಹೆಂಗಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಸೇತುವೆಯ ನಡುಮಧ್ಯೆ, ಗಾಡಿ ಬಂದರೆ ರೈಲ್ವೆ ಕೆಲಸದವರು ನಿಲ್ಲಲೆಂದು, ಪಕ್ಕಕ್ಕೆ ಚಾಚಿದ ಕಬ್ಬಿಣದ ಅಟ್ಟಣೆಯೊಂದಿತ್ತು. ಗಂಡಸರು ಮಾತಿನ ಭರದಲ್ಲಿ ಅದನ್ನು ದಾಟಿ ಹೋಗಿದ್ದರು. ಶಂಕರಮ್ಮ ಅಲ್ಲಿಗೆ ಬರುವ ಹೊತ್ತಿಗೆ ಬರಿಗಾಲ ಕೆಳಗಿನ ಮರದ ದಿಮ್ಮಿ ನಡುಗಿತು. ತಿರುಗಿ ನೋಡಿದಳು. ತಿರುವಿನಲ್ಲಿ ಹೊಗೆ, ಹೊಗೆಯ ಕೆಳಗೆ ಗೂಡ್ಸ್ ಗಾಡಿಯ ಇಂಜಿನ್ನು.

'ಏನ್ರೀ!' ಎಂದಳು. 'ರೀ, ನಿಂತ್ಕಳ್ರೀ! ಇತ್ಲಾಗೆ ಬರ್ರೀ!' ಗಾಡಿ ಎನ್ನುವ ಮಾತು ಆ ಗಾಬರಿಯಲ್ಲಿ ಬಾಯಿಗೆ ಬರಲೇ ಇಲ್ಲ. ತೀರ್ಥಪ್ಪ ತಿರುಗಲಿಲ್ಲ. ನೀರಿನ ಮೊರೆತದಲ್ಲಿ ತನ್ನ ದನಿ ಮುಟ್ಟುತ್ತಿಲ್ಲ ಎಂದುಕೊಂಡಳು. ಆಚೆ ದಡ ಇನ್ನೂ ದೂರವಿತ್ತು. ಮಂಕರಿ ಬಿಸಾಡಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕಿರುಚಿದಳು:

'ಲೇ ತೀರ್ಥಪ್ಪಾ!'

ತಿರುಗಿದ. ಇಬ್ಬರೂ ಇಂಜಿನ್ನು ಕಂಡರು. ಬಿದ್ದೆನೋ ಎದ್ದೆನೋ ಎಂದು ಓಡಿಬಂದು ಅಟ್ಟಣೆಯ ಮೇಲೆ ಅವಳ ಪಕ್ಕಕ್ಕೆ ತೂರಿಕೊಂಡರು.

ಇಂಜಿನ್ನಿನ ಕಾವು ಮುಖಕ್ಕೆ ಬಡಿಯಿತು, ಹಬೆ ಸೆರಗನ್ನು ತೋಯಿಸಿತು. ಆಮೇಲೆ ವ್ಯಾಗನ್ನುಗಳು, ಕೈ ಚಾಚಿದರೆ ತಾಗುವಷ್ಟು ಹತ್ತಿರ: ಅದಿರು ತುಂಬಿದವು, ಮರದ ದಿಮ್ಮಿ ಹೇರಿದವು, ಬಾಗಿಲಿಗೆ ಸೀಲು ಹಾಕಿದವು. ಕಾಲಡಿಯ ಕಬ್ಬಿಣ ಕುಣಿಯುತ್ತಿತ್ತು. ಅದರ ಸಂದಿಯಲ್ಲಿ ಕೆಂಪು ನೀರು. ಆದರೂ ಶಂಕರಮ್ಮನಿಗೆ ಭಯವಾಗಲಿಲ್ಲ. ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು; ತೋಳು ಬೆಚ್ಚಗಿತ್ತು. ಹಗಲು ಹೊತ್ತು, ಇನ್ನೊಬ್ಬರೆದುರು ಅವನನ್ನು ಮುಟ್ಟಿದ್ದು ಅದೇ ಮೊದಲು. ಬದುಕಿದಾನೆ, ಬದುಕಿದಾನೆ ಎಂದು ಅಳುತ್ತ ನಗುತ್ತ ನಿಂತಳು. ಕೊನೆಯ ಡಬ್ಬಿಯಿಂದ ಗಾರ್ಡು ಏನೋ ಬೈದುಕೊಂಡು ಹೋದ.

ಸದ್ದು ಅಡಗಿತು. ಷಣ್ಮುಖಪ್ಪ ಮುಖದ ಮಸಿ ಒರೆಸಿಕೊಂಡ. ಜೀವ ಉಳಿಸಿದವಳಿಗೆ ಒಂದು ಒಳ್ಳೆ ಮಾತಾಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? 'ಏನೋ ತೀರ್ಥಪ್ಪ, ಮನೇಲಿ ನಿನ್ನ ಕರೆಯೋದು ಹಿಂಗೇನೋ? ಲೇ ಅಂತ?' ಎಂದ. ತೀರ್ಥಪ್ಪ ಹೆಂಡತಿಯ ಕೈ ಕೊಡವಿಕೊಂಡ.

ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಮರುದಿನದಿಂದ ಊರಿಗೆ ಊರೇ ಅವನನ್ನು 'ಲೇ ತೀರ್ಥಪ್ಪ' ಎಂದು ಕೂಗತೊಡಗಿತು. ಅತ್ತೆ ಕಾಶಮ್ಮ ಹಣೆ ಬಡಿದುಕೊಂಡಳು: 'ಹೆಸ್ರು ಹಿಡ್ದು ಕೂಗಿದ್ರೆ ಗಂಡನ ಆಯುಸ್ಸು ಕಮ್ಮಿ ಆಯ್ತದೆ ಕಣೇ, ಮುಂಡೇದೇ!' ಕೂಗದಿದ್ದರೆ ಆಯುಸ್ಸು ಅಂದೇ ಮುಗಿಯುತ್ತಿತ್ತೆಂದು ಆ ಮುದುಕಿಗೆ ಹೇಳುವವರು ಯಾರು!

ತೀರ್ಥಪ್ಪ ಮಾತು ಬಿಟ್ಟ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಅವಳು ಸೋತು ಒಂದು ದಿನ ಬಡಿಸುತ್ತಲೇ ಬಾಯಿ ತೆರೆದಳು.

'ತಪ್ಪಾಯ್ತು ಕಣ್ರೀ. ಮೊದ್ಲು ರೀ ರೀ ಅಂತ್ಲೇ ಕರೆದೆ. ನೀರಿನ ಸದ್ದಿಗೆ ನಿಮ್ಗೆ ಕೇಳಿಸ್ಲಿಲ್ಲ. ಅದ್ಕೇ ಬಾಯಿಗೆ ಬಂದ್ಬಿಡ್ತು.'

'ಕೇಳಿಸ್ತು.'

ಸೌಟು ಹಿಡಿದ ಕೈ ನಿಂತಿತು. 'ಕೇಳಿಸ್ತಾ?'

'ನಾನೇನು ಕಿವುಡನೇನೇ? ಪಕ್ದಲ್ಲಿ ಷಣ್ಮುಖಪ್ಪಣ್ಣ ಇದ್ರು. ಹೆಂಡ್ತಿ ಕೂಗಿದ ತಕ್ಷಣ ತಿರುಗಿ ನಿಂತ್ರೆ ನನ್ನ ಗಂಡಸು ಅಂತಾರಾ?' ಎಂದು ಮುದ್ದೆ ಮುರಿದ. 'ಇನ್ನೊಂದ್ಸಲ ಹಂಗೆ ಹೆಸ್ರು ಹಿಡ್ದು ಕೂಗೀಯ, ಜ್ವಾಕೆ.'

ಶಂಕರಮ್ಮನಿಗೆ ಅಳು ಬರಲಿಲ್ಲ. ಎದುರು ಕೂತು ಉಣ್ಣುತ್ತಿದ್ದವನನ್ನು ನೋಡಿ ಅಸಹ್ಯವಾಯಿತು. ಇಷ್ಟು ವರ್ಷ ಯಾರ ಹೆಸರನ್ನು ಬಾಯಲ್ಲಿ ಕಾಪಾಡಿಕೊಂಡು ಬಂದೆ ಅನ್ನಿಸಿತು.

'ಇಲ್ಲ,' ಎಂದಳು. 'ಇನ್ನು ಕೂಗಲ್ಲ.'

ತೀರ್ಥಪ್ಪನಿಗೆ ಸಮಾಧಾನವಾಯಿತು. ಎಷ್ಟೋ ದಿನದ ಮೇಲೆ ಅವಳ ಮುಖ ನೋಡಿ, ಇನ್ನರ್ಧ ಮುದ್ದೆ ಹಾಕು ಎಂದ.